ನೋವು ಬರಿಸುವ ಮದ್ದು, ನೆತ್ತರು ನಿಲ್ಲಿಸುವ ಮದ್ದು

ಗರ್ಭಕೋಶವನ್ನು ಸಂಕುಚಿಸುವ ಮದ್ದುಗಳಿಗೆ ಹೆರಿಗೆಯಲ್ಲಿ ಎರಡು ಹೊತ್ತುಗಳಿವೆ. ಮಗು ಹುಟ್ಟುವ ಮೊದಲು ಕೊಟ್ಟರೆ ಅವು ನೋವು ಬರಿಸುತ್ತವೆ, ಇಲ್ಲವೇ ಕುಂಟುತ್ತಿರುವ ನೋವನ್ನು ಬಲಗೊಳಿಸುತ್ತವೆ. ಹುಟ್ಟಿದ ಮೇಲೆ ಕೊಟ್ಟರೆ ಮಾಸು ಕಳಚಲು ನೆರವಾಗಿ ನೆತ್ತರು ನಿಲ್ಲಿಸುತ್ತವೆ. ಮೊದಲ ಹೊತ್ತಿನಲ್ಲಿ ಅಳತೆ ತಪ್ಪಿದರೆ ಮಗು ಉಸಿರುಗಟ್ಟಿ ಸಾಯಬಹುದು, ಗರ್ಭಕೋಶವೇ ಒಡೆಯಬಹುದು. ಎರಡನೆಯ ಹೊತ್ತಿನಲ್ಲಿ ಮದ್ದು ಸಿಗದೆ ಹೋದರೆ ತಾಯಿ ಒಂದೆರಡು ಗಂಟೆಯೊಳಗೆ ಕೈತಪ್ಪಬಹುದು. ಈ ಮದ್ದುಗಳ ಚರಿತ್ರೆ ಎಂದರೆ ಬಹುಮಟ್ಟಿಗೆ ಆ ಎರಡು ಹೊತ್ತುಗಳ ವ್ಯತ್ಯಾಸವನ್ನು ವೈದ್ಯಲೋಕ ಕಲಿತ ಚರಿತ್ರೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅದಕ್ಕೆ ಇನ್ನೊಂದು ಎಳೆ ಸೇರಿಕೊಂಡಿದೆ. ಮದ್ದು ಲೋಕದಲ್ಲಿ ಎಲ್ಲೋ ಇದ್ದರೆ ಸಾಲದು. ಮಳೆಗಾಲದ ರಾತ್ರಿ ಹಳ್ಳ ದಾಟಿ, ಸತ್ವ ಕೆಡದೆ, ಹೊತ್ತಿಗೆ ಸರಿಯಾಗಿ ಬಾಣಂತಿಯ ಕೋಣೆಗೆ ಬಂದು ಮುಟ್ಟಬೇಕು.

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹೊರಬಂದು ಮಾಸು ಕಳಚಿದಾಗ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುವೇ. ಅಡ್ಡಡ್ಡಲಾಗಿ ಹೆಣೆದುಕೊಂಡ ಸ್ನಾಯುವಿನ ಎಳೆಗಳ ನಡುವೆ ನಾಳಗಳು ಹಾದುಹೋಗುವುದರಿಂದ, ಸ್ನಾಯು ಬಿಗಿದಾಗ ಒಂದೊಂದು ನಾಳಕ್ಕೂ ಗಂಟು ಬಿದ್ದಂತಾಗುತ್ತದೆ. ಸ್ನಾಯು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲದು. ಹೆರಿಗೆಯ ನಂತರದ ಅತಿ ರಕ್ತಸ್ರಾವಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ.

ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಅದು ಕುಗ್ಗುತ್ತದೆ. ಇಂದು ಬಳಕೆಯಲ್ಲಿರುವ ಮೂರು ಮುಖ್ಯ ಬಗೆಯ ಮದ್ದುಗಳಾದ ಆಕ್ಸಿಟೋಸಿನ್, ಎರ್ಗೊಮೆಟ್ರಿನ್ ಮತ್ತು ಪ್ರೊಸ್ಟಗ್ಲಾಂಡಿನ್‌ಗಳು ಕೋಶದ ಮೇಲಿನ ಬೇರೆ ಬೇರೆ ಗ್ರಾಹಕಗಳನ್ನು ಹಿಡಿದು ಕೊನೆಗೆ ಈ ಕ್ಯಾಲ್ಸಿಯಂ ಅನ್ನೇ ಏರಿಸುತ್ತವೆ. ಆದರೆ ಅವುಗಳ ನಡೆ ಒಂದೇ ಅಲ್ಲ. ಸಣ್ಣ ಪ್ರಮಾಣದ ಆಕ್ಸಿಟೋಸಿನ್ ಸಹಜ ನೋವಿನ ಹಾಗೆ ಬಿಗಿದು ಸಡಿಲಿಸುತ್ತದೆ. ನಡುವಿನ ಸಡಿಲದಲ್ಲಿ ಮಗುವಿಗೆ ರಕ್ತ ಹರಿಯುತ್ತದೆ. ಎರ್ಗೊಮೆಟ್ರಿನ್ ಹಿಡಿದ ಹಿಡಿತವನ್ನು ಗಂಟೆಗಟ್ಟಲೆ ಬಿಡುವುದಿಲ್ಲ. ಒಳಗೆ ಮಗುವಿರುವಾಗ ಆ ಹಿಡಿತ ಕೊಲೆಗೆ ಸಮ, ಹೊರಬಂದ ಮೇಲೆ ಅದೇ ರಕ್ಷೆ.

ಮೈಸೂರು ಸಂಸ್ಥಾನದ ಕಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಸೀಮೆ ಕಡೂರು ಜಿಲ್ಲೆಯ ಪಶ್ಚಿಮದ ಅಂಚು. ಕೊಪ್ಪ ತಾಲ್ಲೂಕಿನೊಳಗೇ ಶೃಂಗೇರಿ ಜಾಗೀರೂ ಎಡೇಹಳ್ಳಿ ಉಪತಾಲ್ಲೂಕೂ ಸೇರಿದ್ದವು. ಎಡೇಹಳ್ಳಿ ನರಸಿಂಹರಾಜಪುರವಾದದ್ದು 1915ರಲ್ಲಿ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಭೇಟಿಯ ನೆನಪಿಗೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒತ್ತಾಗಿ ನಿಂತಿಲ್ಲ. ಅಡಿಕೆ ತೋಟ, ಗದ್ದೆ, ಹಾಡ್ಯಗಳ ನಡುವೆ ಒಂದೊಂದು ಮನೆ, ಮನೆಯಿಂದ ಮನೆಗೆ ಒಂದು ಗುಡ್ಡ ಇಲ್ಲವೇ ಒಂದು ಹಳ್ಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಗಳ ಮೇಲೆ ಅಡಿಕೆ ದಬ್ಬೆಯ ಕಾಲುಸಂಕವೇ ದಾರಿಯಾಗಿತ್ತು. ತರೀಕೆರೆಯಿಂದ ಸಣ್ಣ ಗೇಜಿನ ರೈಲು ನರಸಿಂಹರಾಜಪುರದ ತನಕ ಬಂದಿತಾದರೂ ಕೊಪ್ಪ, ಶೃಂಗೇರಿಗಳನ್ನು ಮುಟ್ಟಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಇಲ್ಲಿ ಗಟ್ಟಿಯಾಗಿ ಬೇರೂರಿದ ಪದ್ಧತಿ. ಕುವೆಂಪು ಅವರ ಮನೆತನ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯದು. ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಮಾತ್ರ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಆ ದಿನ ಲೋಕದ ಯಾವ ದೊಡ್ಡ ಆಸ್ಪತ್ರೆಯಲ್ಲೂ ಆಕ್ಸಿಟೋಸಿನ್ ಎಂಬುದು ಇರಲಿಲ್ಲ. ಪಿಟ್ಯುಟರಿ ಗ್ರಂಥಿಯ ರಸ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂಬುದು ಪ್ರಕಟವಾಗಲು ಇನ್ನೂ ಎರಡು ವರ್ಷ ಇತ್ತು. ಮದ್ದಿನ ಮಟ್ಟಿಗೆ ಹೇಳುವುದಾದರೆ ಮಲೆನಾಡಿನ ಒಂಟಿಮನೆಗೂ ಲಂಡನ್ನಿನ ಆಸ್ಪತ್ರೆಗೂ ಆಗ ಇದ್ದ ಅಂತರ ಈಗ ಊಹಿಸುವಷ್ಟು ದೊಡ್ಡದಲ್ಲ.

ಹೆರಿಗೆಯನ್ನು ಕುರಿತ ಗೌರವ ಈ ನೆಲದ ಸ್ಥಳಪುರಾಣದಲ್ಲೇ ಇದೆ. ಶೃಂಗೇರಿಯಲ್ಲಿ ತುಂಗೆಯ ದಡದ ಮೆಟ್ಟಿಲುಗಳ ಬಳಿ ಕಪ್ಪೆ ಶಂಕರ ಎಂಬ ಶಿಲ್ಪವಿದೆ. ಬಿರುಬಿಸಿಲಿನಲ್ಲಿ ಹೆರಿಗೆಯ ಬೇನೆ ತಿನ್ನುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆಯೆತ್ತಿ ನೆರಳು ಹಿಡಿದದ್ದನ್ನು ಆದಿಶಂಕರರು ಕಂಡರೆಂದೂ, ಹುಟ್ಟು ವೈರವೇ ಕರಗುವ ಜಾಗವೆಂದು ಅಲ್ಲಿ ಪೀಠವನ್ನು ಸ್ಥಾಪಿಸಿದರೆಂದೂ ಐತಿಹ್ಯ ಹೇಳುತ್ತದೆ.

ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆಯೆಂದು ಹೇಳುವುದು, ಬೆನ್ನು ಸೊಂಟ ನೀವುವುದು, ಬಸುರಿಯನ್ನು ನಡೆದಾಡಿಸುವುದು, ಹೊತ್ತಿಗೆ ಮೊದಲು ಮುಕ್ಕಬೇಡವೆನ್ನುವುದು ಅವಳ ಕೆಲಸ. ಇವುಗಳಲ್ಲಿ ಎಷ್ಟೋ ಸಂಗತಿಗಳನ್ನು ಇಂದಿನ ಪ್ರಸೂತಿಶಾಸ್ತ್ರವೂ ಒಪ್ಪುತ್ತದೆ. ಮಾಸು ಬೀಳದಿದ್ದರೆ ಅವಳ ಕೈಯಲ್ಲಿದ್ದ ಉಪಾಯಗಳು ಕಡಿಮೆ. ಹೊಟ್ಟೆಯನ್ನು ಒತ್ತಿ ನೀವುವುದು ಅವುಗಳಲ್ಲಿ ಒಂದು. ಬಾಣಂತಿಗೆ ಓಕರಿಕೆ ಬರಿಸಿ ಕಿಬ್ಬೊಟ್ಟೆ ಬಿಗಿಯುವಂತೆ ಮಾಡುವುದು ದೇಶದ ಅನೇಕ ಕಡೆಯ ಸೂಲಗಿತ್ತಿಯರಿಗೆ ತಿಳಿದಿದ್ದ ಇನ್ನೊಂದು.

ಮಗುವನ್ನು ಕೂಡಲೇ ಮೊಲೆಗೆ ಹಾಕುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯವಾಗಿತ್ತು. ಮಗು ಚೀಪಿದೊಡನೆ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ರಕ್ತಕ್ಕಿಳಿದು ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ. ಕರು ಮೊಲೆಗೆ ಬಾಯಿ ಹಾಕಿದಾಗ ಹಸು ಸೊರೆ ಬಿಡುವುದನ್ನು ದಿನಾ ಕಾಣುವ ಮಲೆನಾಡಿನ ಹೆಂಗಸರಿಗೆ ಇದರ ಅರ್ಧ ಭಾಗ ಗೊತ್ತಿತ್ತು. ಆದರೆ ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಮಗುವಿಗೆ ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವ ರೂಢಿಯೂ ಹಲವು ಮನೆಗಳಲ್ಲಿತ್ತು. ರಕ್ತ ನಿಲ್ಲಿಸಲು ದೇಹವೇ ಒದಗಿಸುವ ಮದ್ದು ಆ ಮನೆಗಳಲ್ಲಿ ತಡವಾಗಿಯೇ ಇಳಿಯುತ್ತಿತ್ತು.

ನೋವು ಬರಿಸುವ ಮನೆಮದ್ದುಗಳಲ್ಲಿ ಎಲ್ಲೆಡೆ ಕಾಣುವುದು ಹರಳೆಣ್ಣೆ. ಅದು ಕರುಳನ್ನು ಕೆರಳಿಸಿ, ಆ ಕೆರಳಿಕೆಯ ಮೂಲಕ ಗರ್ಭಕೋಶವನ್ನೂ ಎಬ್ಬಿಸುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು. 2012ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದು ಬೇರೆಯೇ: ಹರಳೆಣ್ಣೆಯಿಂದ ಕರುಳಿನಲ್ಲಿ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲ ಪ್ರೊಸ್ಟಗ್ಲಾಂಡಿನ್‌ನ ಒಂದು ಗ್ರಾಹಕವನ್ನೇ ನೇರವಾಗಿ ಹಿಡಿಯುತ್ತದೆ, ಕರುಳಿನಲ್ಲೂ ಗರ್ಭಕೋಶದಲ್ಲೂ. ಅಜ್ಜಿಯರ ಎಣ್ಣೆಯೂ ಕಾರ್ಖಾನೆಯ ಪ್ರೊಸ್ಟಗ್ಲಾಂಡಿನ್ ಮದ್ದೂ ತಟ್ಟುವ ಬಾಗಿಲು ಒಂದೇ ಎಂದಾಯಿತು. ಎಷ್ಟು ಕುಡಿಸಿದರೆ ಎಷ್ಟು ನೋವು ಎಂಬ ಲೆಕ್ಕ ಮಾತ್ರ ಅಜ್ಜಿಯರಿಗೂ ಸಿಕ್ಕಿರಲಿಲ್ಲ, ಇಂದಿಗೂ ನಂಬುವಂತೆ ಸಿಕ್ಕಿಲ್ಲ. ವಾಂತಿ, ಭೇದಿಗಳು ಮಾತ್ರ ಖಚಿತ.

ಶಾಸ್ತ್ರಗ್ರಂಥಗಳ ಆಯುರ್ವೇದ ಇನ್ನೂ ಮುಂದೆ ಹೋಗಿತ್ತು. ಸುಶ್ರುತಸಂಹಿತೆಯ ಶಾರೀರಸ್ಥಾನ ಹೆರಿಗೆ ತಡೆದಾಗ ಕರಿಹಾವಿನ ಪೊರೆಯ ಹೊಗೆ ಕೊಡುವುದನ್ನು ಹೇಳುತ್ತದೆ. ಮಾಸು ಬೀಳದಿದ್ದಾಗ ಲಾಂಗಲಿಯ ಬೇರನ್ನು ಅರೆದು ಅಂಗೈ, ಅಂಗಾಲುಗಳಿಗೆ ಹಚ್ಚುವುದನ್ನು ಹೇಳುತ್ತದೆ. ಲಾಂಗಲಿ ಎಂದರೆ ಮಲೆನಾಡಿನ ಬೇಲಿಗಳಲ್ಲಿ ಗೌರಿಹಬ್ಬದ ಹೊತ್ತಿಗೆ ಕೆಂಪು, ಹಳದಿಯಾಗಿ ಅರಳುವ ಗೌರಿಹೂವಿನ ಬಳ್ಳಿ. ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಅದರ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಕೋಶವಿಭಜನೆಯನ್ನೇ ನಿಲ್ಲಿಸುವ ಕಡುವಿಷ. ಆಯುರ್ವೇದವೂ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲೇ ಇರಿಸಿದೆ. ಹೊರಗೆ ಹಚ್ಚಬೇಕು ಎಂಬ ವಿಧಿಯ ಹಿಂದೆ ಆ ಭಯದ ಅರಿವು ಇದ್ದಿರಬೇಕು. ಹೊಟ್ಟೆಗೆ ಹೋದ ಲಾಂಗಲಿಯಿಂದ ಸತ್ತವರ ವರದಿಗಳು ದಕ್ಷಿಣ ಭಾರತದ ವಿಷವಿಜ್ಞಾನದಲ್ಲಿ ಇಂದಿಗೂ ಸೇರುತ್ತಲೇ ಇವೆ.

ಆಡುಸೋಗೆಯ ಕಥೆ ಇದಕ್ಕಿಂತ ಕುತೂಹಲದ್ದು. ಕೆಮ್ಮಿಗೆ ಕಷಾಯವಾಗುವ ಈ ಬೇಲಿಗಿಡವನ್ನು ಸುಖಪ್ರಸವಕ್ಕೂ ಹಳಬರು ಬಳಸುತ್ತಿದ್ದರು. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಸಿ. ಕೆ. ಅಟಲ್ ಮತ್ತು ಸಂಗಡಿಗರು 1970ರ ದಶಕದಿಂದ ನಡೆಸಿದ ಅಧ್ಯಯನಗಳಲ್ಲಿ, ಅದರ ಎಲೆಯ ವ್ಯಾಸಿಸಿನ್ ಎಂಬ ಸತ್ವ ಪ್ರಾಣಿಗಳ ಗರ್ಭಕೋಶವನ್ನು ಸ್ಪಷ್ಟವಾಗಿ ಕುಗ್ಗಿಸಿತು. ಗರ್ಭಕೋಶ ಈಸ್ಟ್ರೋಜನ್‌ನ ಪ್ರಭಾವದಲ್ಲಿದ್ದಾಗ, ಎಂದರೆ ದಿನ ತುಂಬಿದಾಗ, ಆ ಗುಣ ಇನ್ನಷ್ಟು ಬಲವಾಗಿತ್ತು. ಆಸ್ಪತ್ರೆಯ ಮದ್ದಾಗಿ ಅದು ನೆಲೆ ನಿಲ್ಲಲಿಲ್ಲ. ಕೊಪ್ಪದ ಎ. ಎಲ್. ಎನ್. ರಾವ್ ಸ್ಮಾರಕ ಆಯುರ್ವೇದ ಕಾಲೇಜಿನಂಥ ಕಡೆಗಳಲ್ಲಿ ಪ್ರಸೂತಿತಂತ್ರ ಓದುವ ವಿದ್ಯಾರ್ಥಿಗಳಿಗೆ ಆಡುಸೋಗೆ ಮತ್ತು ಲಾಂಗಲಿ ಎರಡೂ ಪಠ್ಯದೊಳಗಿನ ಹೆಸರುಗಳು, ಎರಡೂ ಸುತ್ತಲ ಬೇಲಿಯಲ್ಲಿ ಬೆಳೆಯುವ ಗಿಡಗಳು. ಒಂದರ ಹಿಂದೆ ಪ್ರಯೋಗದ ಸಾಕ್ಷ್ಯವಿದೆ, ಇನ್ನೊಂದರ ಹಿಂದೆ ವಿಷದ ದಾಖಲೆ. ‘ಗಿಡಮೂಲಿಕೆ’ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ಈ ಸೀಮೆಯ ಬಾಣಂತಿಯರ ಚರಿತ್ರೆಯಲ್ಲಿ ಮದ್ದಿಗಿಂತ ದೊಡ್ಡ ಪಾತ್ರ ಒಂದು ರೋಗದ್ದು. ಅದು ಚಳಿಜ್ವರ, ಎಂದರೆ ಮಲೇರಿಯಾ. ಮಲೆನಾಡಿನ ತಾಲ್ಲೂಕುಗಳ ಜನಸಂಖ್ಯೆ ಇಳಿಮುಖವಾಗಿದ್ದುದು ಮೈಸೂರು ಸರ್ಕಾರಕ್ಕೆ ದೊಡ್ಡ ಚಿಂತೆಯಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ನಡುವೆ ಮಲೆನಾಡು ಸುಧಾರಣೆಯ ಯೋಜನೆ ಹುಟ್ಟಿದ್ದು ಆ ಚಿಂತೆಯಿಂದಲೇ. 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ತೆರೆದವು. ಅವುಗಳಲ್ಲಿ ಒಂದು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿತ್ತು.

ಮಲೇರಿಯಾ ಬಸುರಿಯರನ್ನು ಉಳಿದವರಿಗಿಂತ ಹೆಚ್ಚು ಹಿಂಡುತ್ತದೆ. ರೋಗಾಣು ತುಂಬಿದ ರಕ್ತಕಣಗಳು ಮಾಸಿನಲ್ಲಿ ನೆಲೆಸುತ್ತವೆ, ಮಗು ಸೊರಗುತ್ತದೆ, ಗರ್ಭ ಇಳಿಯುತ್ತದೆ, ತಾಯಿಯ ರಕ್ತ ನೀರಾಗುತ್ತದೆ. ತೋಟದ ಕೆಲಸದಲ್ಲಿ ಬರಿಗಾಲಿನಿಂದ ಏರುವ ಕೊಕ್ಕೆಹುಳು ಉಳಿದ ರಕ್ತವನ್ನು ಹೀರುತ್ತದೆ. ಇಲ್ಲಿ ಗಮನಿಸಬೇಕಾದ ಲೆಕ್ಕವೊಂದಿದೆ. ಹೆರಿಗೆಯ ನಂತರ 500 ಮಿಲಿಲೀಟರ್ ದಾಟಿದರೆ ಅದನ್ನು ಅತಿ ರಕ್ತಸ್ರಾವ ಎನ್ನುತ್ತಾರೆ. ಗಟ್ಟಿಮುಟ್ಟಾದ ಹೆಂಗಸು ಅಷ್ಟನ್ನು ತಡೆದುಕೊಳ್ಳಬಲ್ಲಳು. ವರ್ಷಾನುಗಟ್ಟಲೆ ಚಳಿಜ್ವರದಲ್ಲಿ ಬೆಂದು ಬಿಳುಚಿಕೊಂಡವಳಿಗೆ ಅದಕ್ಕಿಂತ ಕಡಿಮೆಯೇ ಸಾವು ತರಬಹುದು. ಮಲೆನಾಡಿನ ಬಾಣಂತಿಯ ಸಾವನ್ನು ಹೆರಿಗೆಯ ರಾತ್ರಿಯ ಅವಘಡವೆಂದಷ್ಟೇ ನೋಡಿದರೆ ಅರ್ಧ ಸತ್ಯ ಸಿಕ್ಕಂತೆ. ಅದರ ಸಿದ್ಧತೆ ಹಲವು ಮಳೆಗಾಲಗಳಿಂದ ನಡೆದಿರುತ್ತಿತ್ತು.

ಚಳಿಜ್ವರದ ಮದ್ದು ಕ್ವಿನೈನ್. ಅಂಚೆ ಕಚೇರಿಗಳ ಮೂಲಕ ಅದರ ಪೊಟ್ಟಣ ಮಾರುವ ಪದ್ಧತಿ 1892ರಲ್ಲಿ ಬಂಗಾಳದಲ್ಲಿ ಆರಂಭವಾಗಿ ಬೇರೆ ಕಡೆಗೂ ಹರಡಿತು. ಇದೇ ಕ್ವಿನೈನ್ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂಬ ನಂಬಿಕೆ ವೈದ್ಯರಲ್ಲಿತ್ತು. 20ನೆಯ ಶತಮಾನದ ಮೊದಲ ದಶಕಗಳ ಪ್ರಸೂತಿ ಪಠ್ಯಗಳಲ್ಲಿ ನೋವು ಬರಿಸಲು ಹರಳೆಣ್ಣೆ, ಕ್ವಿನೈನ್, ಆಮೇಲೆ ಪಿಟ್ಯುಟರಿ ರಸ ಎಂಬ ಕ್ರಮವೇ ಇತ್ತು. ಅದರ ನೆರಳಾಗಿ ಇನ್ನೊಂದು ಭಯವೂ ಹುಟ್ಟಿತು: ಬಸುರಿಗೆ ಕ್ವಿನೈನ್ ಕೊಟ್ಟರೆ ಗರ್ಭ ಇಳಿಯುತ್ತದೆ. ಮಲೇರಿಯಾ ಮನೆ ಮಾಡಿಕೊಂಡ ಸೀಮೆಗೆ ಈ ಭಯ ಅಪಾಯಕಾರಿ, ಏಕೆಂದರೆ ಗರ್ಭ ಇಳಿಸುವುದರಲ್ಲಿ ಜ್ವರವೇ ಮುಂದು. 1985ರಲ್ಲಿ ಥಾಯ್ಲೆಂಡಿನಿಂದ ಪ್ರಕಟವಾದ ಅಧ್ಯಯನವೊಂದು, ತುಂಬು ಬಸುರಿಯರಲ್ಲಿ ತೀವ್ರ ಮಲೇರಿಯಾಕ್ಕೆ ಕೊಟ್ಟ ಕ್ವಿನೈನ್ ನೋವು ಬರಿಸಲಿಲ್ಲವೆಂದೂ ಜ್ವರ ಇಳಿದಂತೆ ಗರ್ಭಕೋಶದ ಸೆಳೆತವೂ ಇಳಿಯಿತೆಂದೂ ತೋರಿಸಿತು. ನಿಜವಾದ ಅಡ್ಡಪರಿಣಾಮ ರಕ್ತದ ಸಕ್ಕರೆ ಕುಸಿಯುವುದು. ಅಷ್ಟು ಹೊತ್ತಿಗೆ ಡಿಡಿಟಿ ಸಿಂಪಡಣೆಯೂ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಮಲೆನಾಡಿನ ಚಳಿಜ್ವರವನ್ನು ಬಹುಮಟ್ಟಿಗೆ ಅಡಗಿಸಿದ್ದವು. ಗರ್ಭಕೋಶದ ಮೇಲೆ ಯಾವ ಕೆಲಸವನ್ನೂ ಮಾಡದ ಈ ಸಿಂಪಡಣೆ ಬಾಣಂತಿಯರಿಗೆ ಮಾಡಿದ ಉಪಕಾರ ಸಣ್ಣದಲ್ಲ.

ಯುರೋಪಿನ ಮದ್ದು ಬಂದದ್ದು ಧಾನ್ಯದ ರೋಗವೊಂದರಿಂದ. ರೈ ಎಂಬ ಧಾನ್ಯದ ತೆನೆಯಲ್ಲಿ ಬೆಳೆಯುವ ಎರ್ಗಟ್ ಎಂಬ ಕಪ್ಪು ಶಿಲೀಂಧ್ರ ತಿಂದವರ ಕೈಕಾಲು ಕೊಳೆಸುತ್ತಿತ್ತು, ಬಸುರಿಯರ ಗರ್ಭ ಇಳಿಸುತ್ತಿತ್ತು. ಅಲ್ಲಿಯ ಸೂಲಗಿತ್ತಿಯರು ಅದನ್ನು ನೋವು ಬರಿಸಲು ಬಳಸುತ್ತಿದ್ದರೆಂದು 1582ರಲ್ಲಿ ಆಡಮ್ ಲೋನಿಟ್ಸರ್ ಬರೆದಿದ್ದಾನೆ. 1808ರಲ್ಲಿ ಅಮೆರಿಕದ ಜಾನ್ ಸ್ಟರ್ನ್ಸ್ ಅದನ್ನು ಹೆರಿಗೆ ಬೇಗ ಮುಗಿಸುವ ಪುಡಿ ಎಂದು ವೈದ್ಯರಿಗೆ ಪರಿಚಯಿಸಿದ. ಪುಡಿ ಹರಡಿತು, ಅದರೊಂದಿಗೆ ಸತ್ತು ಹುಟ್ಟುವ ಕೂಸುಗಳ ಸಂಖ್ಯೆಯೂ. 1820ರ ದಶಕದಲ್ಲಿ ನ್ಯೂಯಾರ್ಕಿನ ಡೇವಿಡ್ ಹೊಸಾಕ್, ಇದು ಹೆರಿಗೆಯ ಪುಡಿಯಲ್ಲ, ಸಾವಿನ ಪುಡಿ ಎಂದು ಎಚ್ಚರಿಸಿ, ಮಗು ಹುಟ್ಟಿದ ಮೇಲೆ ರಕ್ತ ನಿಲ್ಲಿಸಲು ಮಾತ್ರ ಬಳಸಬೇಕೆಂದ. ಎರಡು ಹೊತ್ತುಗಳ ವ್ಯತ್ಯಾಸ ಮೊದಲ ಬಾರಿಗೆ ಇಷ್ಟು ನಿಚ್ಚಳವಾಗಿ ಮಾತಿಗೆ ಬಂದದ್ದು ಇಲ್ಲಿ.

ಎರ್ಗಟ್‌ನಲ್ಲಿ ಕೆಲಸ ಮಾಡುವ ವಸ್ತು ಯಾವುದೆಂದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. ಲಂಡನ್ನಿನ ಚಾಸರ್ ಮಾಯರ್ ಬಾಣಂತಿಯರ ಗರ್ಭಕೋಶದಲ್ಲಿ ಪುಟ್ಟ ಬಲೂನು ಇರಿಸಿ ಸಂಕೋಚನವನ್ನು ಅಳೆದು, ರಸಾಯನಜ್ಞರು ಕಡೆಗಣಿಸಿದ್ದ ನೀರಿನ ಸಾರದಲ್ಲೇ ಬಲವಾದ ಗುಣವಿದೆಯೆಂದು 1932ರಲ್ಲಿ ತೋರಿಸಿದ. 1935ರಲ್ಲಿ ಹೆರಾಲ್ಡ್ ಡಡ್ಲಿಯೊಂದಿಗೆ ಎರ್ಗೊಮೆಟ್ರಿನ್ ಅನ್ನು ಬೇರ್ಪಡಿಸಿದ. ಅದೇ ವರ್ಷ ಬೆಂಗಳೂರಿನಲ್ಲಿ ಹೆಂಗಸರ ಮತ್ತು ಮಕ್ಕಳ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ಎರ್ಗೊಮೆಟ್ರಿನ್‌ನ ಹತ್ತಿರದ ಬಂಧುವಾದ ಮೆಥರ್ಜಿನ್ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯಿಂದ ಬಂದು, ಮುಂದೆ ಕರ್ನಾಟಕದ ಹೆರಿಗೆ ವಾರ್ಡುಗಳಲ್ಲೂ ಮನೆಮಾತಾಯಿತು. ರೈ ಬೆಳೆಯದ ನಾಡಿನಲ್ಲೂ ಇದನ್ನು ಬೆಳೆಯುವ ಯತ್ನ ನಡೆಯಿತು: ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಮದು ಕಷ್ಟವಾದಾಗ ನೀಲಗಿರಿಯಲ್ಲಿ ರೈ ಬಿತ್ತಿ, ತೆನೆಗಳಿಗೆ ಶಿಲೀಂಧ್ರ ಸೋಂಕಿಸಿ ಎರ್ಗಟ್ ತೆಗೆದರು.

ಎರ್ಗಟ್ ಕುರಿತ ಕೆಲಸವೇ ಇನ್ನೊಂದು ಮದ್ದನ್ನೂ ಕೊಟ್ಟಿತು. 1906ರಲ್ಲಿ ಹೆನ್ರಿ ಡೇಲ್ ಎರ್ಗಟ್ ಕುರಿತು ಬರೆದ ಲೇಖನದಲ್ಲೇ ಪಿಟ್ಯುಟರಿ ಗ್ರಂಥಿಯ ರಸ ಬಸುರಿ ಬೆಕ್ಕಿನ ಗರ್ಭಕೋಶವನ್ನು ಕುಗ್ಗಿಸಿತೆಂಬ ಮಾತಿದೆ. 1909ರಲ್ಲಿ ಲಿವರ್‌ಪೂಲ್‌ನ ಬ್ಲೇರ್-ಬೆಲ್ ಅದನ್ನು ಹೆಂಗಸರಲ್ಲಿ ಬಳಸಿದ್ದನ್ನು ಪ್ರಕಟಿಸಿದ. 1928ರಲ್ಲಿ ಆ ರಸದಲ್ಲಿ ಗರ್ಭಕೋಶವನ್ನು ಕುಗ್ಗಿಸುವ ಅಂಶವಾದ ಆಕ್ಸಿಟೋಸಿನ್ ಅನ್ನು ಅದರ ಇನ್ನೊಂದು ಅಂಶದಿಂದ ಬೇರ್ಪಡಿಸಿದರು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಸರಪಳಿಯೆಂದು ತೋರಿಸಿ, ಅದನ್ನು ಪ್ರಯೋಗಶಾಲೆಯಲ್ಲೇ ಕಟ್ಟಿದ. 1955ರ ರಸಾಯನಶಾಸ್ತ್ರದ ನೊಬೆಲ್ ಅವನಿಗೆ ಸಂದಿತು. ಅಂದಿನಿಂದ ದನ, ಹಂದಿಗಳ ಗ್ರಂಥಿಗಳಿಗಾಗಿ ಕಸಾಯಿಖಾನೆಯನ್ನು ಕಾಯಬೇಕಾಗಲಿಲ್ಲ.

ಮೊದಮೊದಲು ಪಿಟ್ಯುಟರಿ ರಸವನ್ನು ಒಮ್ಮೆಲೇ ಸೂಜಿಯಿಂದ ಚುಚ್ಚುತ್ತಿದ್ದರು. ಎರ್ಗಟ್‌ನ ತಪ್ಪು ಮರುಕಳಿಸಿತು; ಗರ್ಭಕೋಶಗಳು ಒಡೆದವು. 1948ರಲ್ಲಿ ಜೆಫ್ರಿ ಥಿಯೋಬಾಲ್ಡ್ ದ್ರಾವಣದಲ್ಲಿ ಬೆರೆಸಿ ಹನಿಹನಿಯಾಗಿ ಇಳಿಸುವ ಕ್ರಮವನ್ನು ಮುಂದಿಟ್ಟ. ಆಕ್ಸಿಟೋಸಿನ್ ರಕ್ತದಲ್ಲಿ ಕೆಲವೇ ನಿಮಿಷ ಬದುಕುತ್ತದೆ. ಹನಿ ನಿಲ್ಲಿಸಿದರೆ ಮದ್ದೂ ಬೇಗ ನಿಲ್ಲುತ್ತದೆ, ಅದರ ಸುರಕ್ಷೆಯ ಗುಟ್ಟೇ ಅದು. ಗರ್ಭಕೋಶದಲ್ಲಿ ಅದರ ಗ್ರಾಹಕಗಳು ದಿನ ತುಂಬಿದಂತೆ ಬಹುಪಟ್ಟು ಹೆಚ್ಚುತ್ತವೆ. ಅದಕ್ಕೆ ನಾಲ್ಕನೆಯ ತಿಂಗಳಲ್ಲಿ ಮಣಿಯದ ಗರ್ಭಕೋಶ ಒಂಬತ್ತನೆಯ ತಿಂಗಳಲ್ಲಿ ಸಣ್ಣ ಹನಿಗೂ ಮಣಿಯುತ್ತದೆ. ಹೆಚ್ಚು ಹೊತ್ತು, ಹೆಚ್ಚು ನೀರಿನೊಂದಿಗೆ ಇಳಿಸಿದರೆ ಮೂತ್ರ ಕಡಿಮೆಯಾಗಿ ದೇಹದಲ್ಲಿ ನೀರು ತುಂಬಿಕೊಳ್ಳುವ ಅಪಾಯವೂ ಇದೆ.

‘ಗ್ಲೂಕೋಸ್ ಹಾಕಿ ನೋವು ಬರಿಸಿದರು’ ಎಂಬ ಮಾತು ಮಲೆನಾಡಿನ ಮನೆಗಳಿಗೆ ಬಂದದ್ದು ಈ ದಾರಿಯಿಂದ. ಬಾಟಲಿಯಲ್ಲಿ ಕಾಣುವುದು ಗ್ಲೂಕೋಸ್ ಅಥವಾ ಉಪ್ಪುನೀರು. ಕೆಲಸ ಮಾಡುವುದು ಅದರೊಳಗೆ ಬೆರೆಸಿದ ಒಂದು ಪುಟ್ಟ ಆಂಪ್ಯೂಲಿನ ಮದ್ದು. ನೋವಿನ ಹನಿ ಹಾಕಿದವಳ ಪಕ್ಕದಲ್ಲಿ ಸಂಕೋಚನಗಳನ್ನು ಎಣಿಸುವವರು, ಮಗುವಿನ ಹೃದಯಬಡಿತ ಕೇಳುವವರು, ತೊಂದರೆ ಬಂದರೆ ಕೂಡಲೇ ಶಸ್ತ್ರಕ್ರಿಯೆ ಮಾಡಬಲ್ಲವರು ಇರಬೇಕು. ಮನೆ ಹೆರಿಗೆಯಲ್ಲಿ ಬೇಗ ಮುಗಿಯಲೆಂದು ಒಂದೇ ಸಲಕ್ಕೆ ಚುಚ್ಚಿದ ಆಕ್ಸಿಟೋಸಿನ್ ದೇಶದಾದ್ಯಂತ ಎಷ್ಟೋ ಮಕ್ಕಳನ್ನೂ ತಾಯಂದಿರನ್ನೂ ಬಲಿ ತೆಗೆದುಕೊಂಡಿದೆ. ಮಗು ಹುಟ್ಟಿದ ಮೇಲೆ ಮಾತು ಬೇರೆ. ಸ್ನಾಯುವಿಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಎರಡು ಮೂರು ನಿಮಿಷದಲ್ಲಿ ಕೆಲಸ ಆರಂಭಿಸುತ್ತದೆ. ಅದನ್ನು ಪ್ರತಿ ಹೆರಿಗೆಯಲ್ಲೂ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿ.ಪಿ. ಇದ್ದವರಿಗೆ ಕೊಡಬಾರದ ಮೆಥರ್ಜಿನ್‌ಗಿಂತ ಇದು ಸುರಕ್ಷಿತ.

ಕೊರತೆ ಇರುವುದು ಅದರ ಬಾಳಿಕೆಯಲ್ಲಿ. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು, ಇಲ್ಲವಾದರೆ ಸತ್ವ ಕಳೆದುಕೊಳ್ಳುತ್ತದೆ. ಎರ್ಗೊಮೆಟ್ರಿನ್ ಬೆಳಕಿಗೂ ಕೆಡುತ್ತದೆ. ಆಗುಂಬೆಯ ಮಳೆಯ ನೆರೆಯಲ್ಲಿರುವ ಈ ತಾಲ್ಲೂಕುಗಳಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವುದು ಹೊಸತಲ್ಲ. ಫ್ರಿಜ್ ನಿಂತ ಉಪಕೇಂದ್ರದಲ್ಲಿ ಆಂಪ್ಯೂಲ್ ನೋಡಲು ಹಾಗೆಯೇ ಇರುತ್ತದೆ, ಒಳಗಿನ ಮದ್ದು ಇಲ್ಲವಾಗಿರುತ್ತದೆ.

ಈ ಕೊರತೆಗೆ ಉತ್ತರ ಹುಡುಕಿದ ಕೆಲಸಗಳಲ್ಲಿ ಬಹು ಮುಖ್ಯವಾದದ್ದು ಕರ್ನಾಟಕದಲ್ಲೇ ನಡೆಯಿತು. ಅದು ಪ್ರೊಸ್ಟಗ್ಲಾಂಡಿನ್ ಗುಂಪಿನ ಮಾತ್ರೆಯೊಂದನ್ನು ಕುರಿತದ್ದು. ಪ್ರೊಸ್ಟಗ್ಲಾಂಡಿನ್‌ಗಳ ಸುಳಿವು ಸಿಕ್ಕಿದ್ದು 1930ರಲ್ಲಿ, ವೀರ್ಯ ತಾಗಿದ ಗರ್ಭಕೋಶದ ಸ್ನಾಯು ಕುಗ್ಗಿ ಹಿಗ್ಗಿದಾಗ. 1968ರಲ್ಲಿ ಉಗಾಂಡದ ಕಂಪಾಲಾದಲ್ಲಿ ಸುಲ್ತಾನ್ ಕರೀಂ ಅವುಗಳಿಂದ ನೋವು ಬರಿಸಿದ್ದನ್ನು ಪ್ರಕಟಿಸಿದರು. ಹೊಟ್ಟೆಹುಣ್ಣಿನ ಮದ್ದಾಗಿ ಹುಟ್ಟಿದ ಮಿಸೊಪ್ರೊಸ್ಟಾಲ್ ಈ ಗುಂಪಿನದು. ಅದು ಅಗ್ಗದ ಮಾತ್ರೆ; ಫ್ರಿಜ್ ಬೇಡ, ಸೂಜಿ ಬೇಡ. ಬೆಳಗಾವಿಯ ಜೆ. ಎನ್. ವೈದ್ಯಕೀಯ ಕಾಲೇಜಿನ ಬಿ. ಎಸ್. ಕೊಡಕಣಿ, ಶಿವಪ್ರಸಾದ ಗೌಡರ್ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರನ್ನು ಎರಡು ಗುಂಪು ಮಾಡಿ, ಹೆರಿಗೆಯಾದೊಡನೆ ಒಂದು ಗುಂಪಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಇನ್ನೊಂದಕ್ಕೆ ಅದೇ ರೂಪದ ಹುಸಿ ಮಾತ್ರೆ ಕೊಡಿಸಿದರು. ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಮಾತ್ರೆ ಕೊಟ್ಟವರು ಎಎನ್‌ಎಂ ದಾದಿಯರು. ಅತಿ ರಕ್ತಸ್ರಾವ 12.0 ಶೇಕಡದಿಂದ 6.4 ಶೇಕಡಕ್ಕೆ ಇಳಿಯಿತು. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುವ ಬದಲು ಅಳೆಯಲು, ಬಾಣಂತಿಯ ಕೆಳಗೆ ಹಾಸುವ ಅಳತೆಗೆರೆಗಳ ಪ್ಲಾಸ್ಟಿಕ್ ಚೀಲವನ್ನೂ ಈ ತಂಡ ರೂಪಿಸಿತು. ಈ ಎರಡನೆಯ ಕೊಡುಗೆಗೆ ಸಿಕ್ಕ ಹೆಸರು ಕಡಿಮೆ, ಅದರ ಬೆಲೆ ಮಾತ್ರ ಮೊದಲನೆಯದಕ್ಕಿಂತ ಕಡಿಮೆಯಲ್ಲ. ಎಷ್ಟು ರಕ್ತ ಹೋಯಿತೆಂದು ಗೊತ್ತಾಗದೆ ಯಾವ ಮದ್ದೂ ಹೊತ್ತಿಗೆ ಸರಿಯಾಗಿ ಬಳಕೆಯಾಗದು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿಸೊಪ್ರೊಸ್ಟಾಲ್ ಅನ್ನು ಈ ಬಳಕೆಗಾಗಿ ಅಗತ್ಯ ಮದ್ದುಗಳ ಪಟ್ಟಿಗೆ ಸೇರಿಸಿತು. ಮನೆ ಹೆರಿಗೆ ತಪ್ಪದ ಕಡೆಗಳಲ್ಲಿ ಬಸುರಿಯ ಕೈಗೇ ಮೊದಲೇ ಮಾತ್ರೆ ಕೊಡಲು 2013ರಲ್ಲಿ ಭಾರತ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಅದೇ ಮಾತ್ರೆಯನ್ನು ಮಗು ಹುಟ್ಟುವ ಮೊದಲು ನುಂಗಿದರೆ ಗರ್ಭಕೋಶ ಒಡೆಯಬಹುದು. ಚಳಿ ನಡುಕ, ಜ್ವರ ಅದರ ಸಾಮಾನ್ಯ ಅಡ್ಡಪರಿಣಾಮಗಳು.

ಆಕ್ಸಿಟೋಸಿನ್‌ಗೂ ಕರ್ನಾಟಕಕ್ಕೂ ಇನ್ನೊಂದು ನಂಟಿದೆ. ಹಾಲು ಇಳಿಸಲೆಂದು ಹಸು ಎಮ್ಮೆಗಳಿಗೆ ಅದನ್ನು ಕದ್ದು ಚುಚ್ಚುತ್ತಾರೆಂಬ ದೂರಿನ ಮೇಲೆ ಕೇಂದ್ರ ಸರ್ಕಾರ 2018ರ ಏಪ್ರಿಲ್ 27ರಂದು ಖಾಸಗಿ ಕಂಪನಿಗಳು ಅದನ್ನು ದೇಶದ ಬಳಕೆಗೆ ತಯಾರಿಸದಂತೆ ಆದೇಶಿಸಿತು. ಇಡೀ ದೇಶದ ಹೊಣೆ ಬಿದ್ದದ್ದು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಲಿಮಿಟೆಡ್ ಎಂಬ ಒಂದೇ ಸರ್ಕಾರಿ ಕಾರ್ಖಾನೆಯ ಮೇಲೆ. ಒಂದು ಕಾರ್ಖಾನೆ ನಿಂತರೆ ದೇಶದ ಬಾಣಂತಿಯರ ಗತಿಯೇನೆಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 14ರಂದು ಆದೇಶವನ್ನು ರದ್ದು ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ದನದ ಹಟ್ಟಿಯ ದುರುಪಯೋಗವನ್ನು ತಡೆಯಬೇಕಾದದ್ದು ನಿಜ. ಹೆರಿಗೆ ಕೋಣೆಯ ಮದ್ದನ್ನೇ ಬಿಗಿಹಿಡಿದು ಅದನ್ನು ತಡೆಯಹೊರಟದ್ದು ತಪ್ಪು ದಾರಿ.

ತಂಪು ಬೇಡದ ಕಾರ್ಬೆಟೋಸಿನ್ ಈಗ ಬಂದಿದೆ. ಆಕ್ಸಿಟೋಸಿನ್‌ನ ಅಚ್ಚಿನಲ್ಲೇ ಕಟ್ಟಿದ, ಹೆಚ್ಚು ಹೊತ್ತು ಉಳಿಯುವ ಅಣು ಇದು. ಭಾರತವೂ ಸೇರಿ ಹತ್ತು ದೇಶಗಳ 29,645 ಹೆಂಗಸರಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ರಕ್ತಸ್ರಾವ ತಡೆಯುವುದರಲ್ಲಿ ಆಕ್ಸಿಟೋಸಿನ್‌ಗೆ ಹಿಂದೆ ಬೀಳಲಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೂ ಸೇರಿತು. ನೋವು ಬರಿಸಲು ಮಾತ್ರ ಅದನ್ನು ಬಳಸುವಂತಿಲ್ಲ. ಅದರ ಹಿಡಿತ ಅಷ್ಟು ಬೇಗ ಸಡಿಲುವುದಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಹೆರಿಗೆ ಈಗ ಮನೆಯಿಂದ ಆಸ್ಪತ್ರೆಗೆ ಬಂದಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಗಳಲ್ಲಿ ಆಗುತ್ತಿವೆ. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ಕ್ಕೆ 69ಕ್ಕೆ ಇಳಿದಿದೆ. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 2008ರ ನವೆಂಬರ್‌ನಲ್ಲಿ ಆರಂಭವಾದ 108 ಆಂಬುಲೆನ್ಸ್, ಕಾಲುಸಂಕಗಳ ಜಾಗದಲ್ಲಿ ಬಂದ ಸೇತುವೆಗಳು, ಎಲ್ಲದಕ್ಕೂ ಇದರಲ್ಲಿ ಪಾಲಿದೆ. ಮೂರು ಪೇಟೆಗಳಲ್ಲೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಶೃಂಗೇರಿಯಲ್ಲಿ ಮಠದ ಶಾರದಾ ಧನ್ವಂತರಿ ಆಸ್ಪತ್ರೆಯೂ ಇದೆ.

ಯಾವ ಮದ್ದಿಗೂ ಬಿಗಿಯದ ಗರ್ಭಕೋಶ ಆಗೊಮ್ಮೆ ಈಗೊಮ್ಮೆ ಎದುರಾಗುತ್ತದೆ. ಆಗ ಆಕ್ಸಿಟೋಸಿನ್, ಮೆಥರ್ಜಿನ್, ಅಸ್ತಮಾ ಇಲ್ಲದವರಿಗೆ ಪ್ರೊಸ್ಟಗ್ಲಾಂಡಿನ್ ಗುಂಪಿನ ಕಾರ್ಬೊಪ್ರೊಸ್ಟ್, ಹೀಗೆ ಒಂದರ ಮೇಲೊಂದು ಕೊಡುತ್ತಲೇ ಕೈಯಿಂದ ಗರ್ಭಕೋಶವನ್ನು ಒತ್ತಿ ಹಿಡಿಯುತ್ತಾರೆ, ಒಳಗೆ ಬಲೂನು ಉಬ್ಬಿಸಿ ಇರಿಸುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಶಸ್ತ್ರಕ್ರಿಯೆ ಬೇಕು, ಬಾಟಲಿಗಟ್ಟಲೆ ರಕ್ತ ಬೇಕು. ಅಷ್ಟಕ್ಕೆ ನರಸಿಂಹರಾಜಪುರ, ಕೊಪ್ಪಗಳಿಂದ ಶಿವಮೊಗ್ಗಕ್ಕೆ, ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದು ಸುಮಾರು 80 ಕಿಲೋಮೀಟರ್ ದೂರದ ಮಣಿಪಾಲಕ್ಕೆ ಕರೆದೊಯ್ಯುತ್ತಾರೆ. ಘಾಟಿಯಲ್ಲಿ ಮಣ್ಣು ಕುಸಿದರೆ ಸುತ್ತು ದಾರಿ ಹಿಡಿಯಬೇಕು. ಹೊರಡುವ ಮೊದಲು ಆಕ್ಸಿಟೋಸಿನ್ ಬೆರೆಸಿದ ಬಾಟಲಿಯನ್ನು ಆಂಬುಲೆನ್ಸಿನ ಕೊಕ್ಕೆಗೆ ತೂಗುಹಾಕಿ, ಹನಿ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಿಕೊಂಡು, ದಾದಿಯೊಬ್ಬರು ಬಾಣಂತಿಯ ಹೊಟ್ಟೆಯ ಮೇಲೆ ಕೈಯಿರಿಸಿ ದಾರಿಯುದ್ದಕ್ಕೂ ಗರ್ಭಕೋಶವನ್ನು ನೀವುತ್ತಾ ಹೋಗುತ್ತಾರೆ.